ಕಂಕುಳಲ್ಲೇ ಕವಲೊಡೆದ ರಕ್ತನಾಳ

ಮಿಡತೆ,

ಇವತ್ತು ಡಿಸೆಕ್ಷನ್ ಹಾಲಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಹೆದರುತ್ತಾ ಕರೆದಳು. "ಮೇಡಂ, ಏನೋ ಎಡವಟ್ಟು ಮಾಡ್ಬಿಟ್ಟೆ. ತೋಳಿನ ಆರ್ಟರಿ ಮೊಣಕೈ ಹತ್ರ ತಾನೇ ಎರಡಾಗ್ಬೇಕು? ಇದು ಕಂಕುಳಲ್ಲೇ ಎರಡಾಗಿದೆ."

ಚಿಮುಟದಿಂದ ಎತ್ತಿ ನೋಡಿದೆ. ಎರಡು ಕವಲೂ ಜೊತೆಜೊತೆಯಾಗಿ ಕೆಳಗಿಳಿದಿದ್ದವು. ಕೆಲವರಿಗೆ ಹುಟ್ಟಿನಿಂದಲೇ ಹೀಗಿರುತ್ತದೆ.

ನಾವಿಬ್ಬರೂ ಮೆಡಿಕಲ್ ಓದುತ್ತಿದ್ದಾಗ ಒಂದು ದಿನ ನಮ್ಮ ಮೇಜಿನ ಶವದ ತೋಳನ್ನು ತೋರಿಸಿ ನೀನೂ ಅದನ್ನೇ ಹೇಳಿದ್ದೆ. ನಾನು ಮೇಷ್ಟ್ರ ಮುಂದೆ, "ಪುಸ್ತಕದಲ್ಲಿ ಹಾಗಿಲ್ಲ ಸಾರ್, ಇವಳೇ ಏನೋ ಕುಯ್ದು ಹಾಳು ಮಾಡಿದ್ದಾಳೆ" ಅಂದೆ. ತರಗತಿಯೆಲ್ಲ ನಕ್ಕಿತು. ಮರುದಿನ ನೀನು ಬೇರೆ ಮೇಜಿಗೆ ಹೋದೆ. ಈಗ ನಿನ್ನ ವಿಳಾಸವೂ ನನ್ನ ಬಳಿಯಿಲ್ಲ.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂದೇನೂ ತಪ್ಪಿಲ್ಲ ಕಣೇ ಮಿಡತೆ" ಅಂದುಬಿಟ್ಟೆ.

"ಮಿಡತೆ ಯಾರು ಮೇಡಂ?"

ಕೈಗವಸು ಕಳಚುವ ನೆಪದಲ್ಲಿ ಆಚೆ ತಿರುಗಿಕೊಂಡೆ.