ಕರೆಯೋಲೆಗೆ ಉಳಿದ ಬಿಳಿ ಅಂಚು

ನವೆಂಬರ್ ೧೮, ಮಂಗಳವಾರ. ಸಾ ದೆಕ್, ವಿಯೆಟ್ನಾಂ.

ಬೆಳಿಗ್ಗೆಯಿಂದ ಅದೊಂದೇ ತಲೆನೋವು. ಅಕ್ಕನ ಮಗಳು ದ್ಯೆಪ್‌ಳ ಮದುವೆಗೆ ವರ್ಡ್‌ನಲ್ಲಿ ನಾನೇ ಮಾಡಿದ ಕರೆಯೋಲೆ ಪರದೆಯ ಮೇಲೆ ಕೆಂಪಗೆ ಕಾಣುತ್ತಿತ್ತು, ಪ್ರಿಂಟರಿನಿಂದ ಮಾತ್ರ ಬೆಳ್ಳಗೆ ಬರುತ್ತಿತ್ತು. ನಾಳೆ ಬೀಗರು ಒಯ್ಯಲು ಬರುತ್ತಾರೆ.

"ಬಿಳಿ ಸಾವಿನ ಮನೆ ಬಣ್ಣ ಕಣೋ! ಬೀಗರ ಕೈಗೆ ಇದನ್ನ ಹೆಂಗೋ ಕೊಡ್ಲಿ?" ಅಕ್ಕ ಅಳುವುದೊಂದು ಬಾಕಿ.

"ನಾನಿಲ್ವಾ?" ಎಂದೆ. ಶಾಯಿ ಬದಲಿಸಿದೆ. ಪ್ರಿಂಟರಿನ ಬೆನ್ನಿಗೆ ಎರಡು ಗುದ್ದಿದೆ. ಕೊನೆಗೆ ಸೆಟ್ಟಿಂಗಿನಲ್ಲೆಲ್ಲ ಕೈಯಾಡಿಸಿದಾಗ ಸಿಕ್ಕಿಬಿತ್ತು: ಹಿನ್ನೆಲೆಯ ಬಣ್ಣವನ್ನೂ ಮುದ್ರಿಸಬೇಕು ಎನ್ನುವ ಸಾಲಿನ ಮುಂದೆ ಗುರುತೇ ಇರಲಿಲ್ಲ. ಹಾಕಿದೆ. ಕೆಂಪು ಬಂತು! ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸು ಓದಿದ ತಲೆ ಇದು!

ಆದರೆ ಪ್ರಿಂಟರು ಹಾಳೆಯ ತುದಿಯವರೆಗೆ ಬಣ್ಣ ಹಾಕುವುದಿಲ್ಲ. ಸುತ್ತಲೂ ಬೆರಳಗಲ ಬಿಳಿ ಅಂಚು ಉಳಿಯಿತು.

"ಹೆಣದ ಮನೇಲಿ ತಲೆಗೆ ಕಟ್ಕೊಳ್ಳೋ ಬಿಳಿ ಪಟ್ಟಿ ಇದ್ದಂಗೈತೆ ಮಾವ," ಎಂದು ದ್ಯೆಪ್ ಕಿಚಾಯಿಸಿದಳು. ಅಕ್ಕ ನಗಲಿಲ್ಲ.

ಪೇಟೆಗೆ ಹೋಗಿ, ಹೊಸವರ್ಷದ ಹಬ್ಬಕ್ಕೆ ಬಾಗಿಲಿಗೆ ಅಂಟಿಸುವ ಬರಹ ಬರೆಯುವ ಕೆಂಪು ಕಾಗದ ತಂದೆ. ಹಾಕಿದ್ದ ಗುರುತನ್ನು ಸದ್ದಿಲ್ಲದೆ ತೆಗೆದು ಬರೀ ಅಕ್ಷರ ಒತ್ತಿದೆ. ತುದಿಯಿಂದ ತುದಿಗೆ ಕೆಂಪೋ ಕೆಂಪು.

"ಹಂಗಾದ್ರೆ ಬೆಳಿಗ್ಗೆಯಿಂದ ಮಾಡಿದ್ದೇನು ಮಾವ?"

"ಅದು ತಾಲೀಮು ಕಣಮ್ಮ."

ಅಕ್ಕ ಕರೆಯೋಲೆಗಳನ್ನು ತೀರಿಹೋದ ಹಿರಿಯರ ಪೂಜೆಯ ಪೀಠದ ಮೇಲಿಟ್ಟು ಊದುಬತ್ತಿ ಹಚ್ಚಿದಳು. ಅಪ್ಪನ ಫೋಟೋಗೆ, "ನಿನ್ನ ಮಗನೇ ಮಾಡಿದ್ದು," ಎಂದಳು. ನನಗೆ ಕೇಳಿಸಲಿಲ್ಲ ಎಂದುಕೊಂಡಿದ್ದಾಳೆ.

ಕಾಗದದ ಬಣ್ಣ ಹತ್ತಿ ಬೆರಳೆಲ್ಲ ಕೆಂಪಾಗಿದೆ. ತೊಳೆಯದೆ ಮಲಗುತ್ತೇನೆ. ನಾಳೆ ಬೀಗರು ಯಾರು ಮಾಡಿದ್ದು ಎಂದು ಕೇಳಿದರೆ ಬಾಯಿ ಬಿಡುವುದೇ ಬೇಡ, ಕೈ ಮುಂದೆ ಮಾಡಿದರೆ ಸಾಕು.