ಎದ್ದ ಮೇಲೂ ಬಾರದ ನೆಟ್‌ವರ್ಕ್

ಗುರುವಾರ, 19 ಸೆಪ್ಟೆಂಬರ್ 2019. ಅಟ್ಟೂರು.

ಇವತ್ತೂ ಗೊತ್ತಾಗಲಿಲ್ಲ. ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರಿನಂಥ ವರ್ಚುವಲ್ ಮಷೀನನ್ನು ಹೈಬರ್ನೇಟ್ ಮಾಡಿ, ಅಂದರೆ ಇದ್ದ ಸ್ಥಿತಿಯಲ್ಲೇ ಮಲಗಿಸಿ, ಎಬ್ಬಿಸಿದರೆ ಉಳಿದದ್ದೆಲ್ಲ ಸರಿ, ನೆಟ್‌ವರ್ಕ್ ಮಾತ್ರ ಬರುವುದಿಲ್ಲ. ಕಾರ್ಡು ಚಾಲೂ ಇದೆ ಎಂದೇ ತೋರಿಸುತ್ತದೆ, ಡೇಟಾದ ಒಂದು ಪ್ಯಾಕೆಟ್ಟೂ ಹೊರಗೆ ಹೋಗುವುದಿಲ್ಲ. ಎಲ್ಲಿ ನಿಲ್ಲುತ್ತದೆಂದು ನೋಡಲು ಆ ಕಾರ್ಡನ್ನು ನಡೆಸಲು ನಾನು ಬರೆದ ಡ್ರೈವರಿನಲ್ಲಿ, ನಡೆದದ್ದನ್ನು ದಾಖಲಿಸುವ ಒಂದು ಲಾಗ್ ಸಾಲು ಹಾಕಿದೆ. ತೊಂದರೆಯೇ ಮಾಯ. ಸಾಲು ತೆಗೆದೆ, ಮತ್ತೆ ಬಂತು.

ಆಫೀಸಿನಲ್ಲಿ ಪಕ್ಕದ ಸೀಟಿನ ಲುಬ್ನಾ ನಕ್ಕಳು. "ಆ ಸಾಲು ಹಂಗೇ ಬಿಟ್ಟು ಕಳ್ಸಿಬಿಡಿ ಸಾರ್. ನಿಮ್ಮ ಅಟ್ಟೂರಲ್ಲಿ ಕಟ್ತಿರೋ ಮನೆಗೆಲ್ಲ ದೃಷ್ಟಿಬೊಂಬೆ ಕಟ್ಟಲ್ವಾ?"

"ಯಾಕೆ ಹಾಕಿದ್ರಿ ಅಂತ ಯಾರಾದ್ರೂ ಕೇಳಿದ್ರೆ?"

"ಬೊಂಬೆ ಯಾಕೆ ಅಂತ ಯಾರ್ ಕೇಳ್ತಾರೆ ಸಾರ್?"

ನಾಳೆ ಇದನ್ನು ಸರಿಪಡಿಸುವ ಪ್ಯಾಚ್ ನನ್ನ ಹೆಸರಿನಲ್ಲಿ ಹೋಗಬೇಕು. ತಪ್ಪಿದರೆ ಈ ಬಿಡುಗಡೆಯಿಂದ ಹೈಬರ್ನೇಟ್ ಸೌಲಭ್ಯವನ್ನೇ ಕೈಬಿಡುತ್ತಾರೆ. ಆ ಸಾಲು ಬರೆಯುವಷ್ಟು ತಡವಾದರೆ ಹೋಸ್ಟ್ ಕಡೆ, ಅಂದರೆ ಹೊರಗಿನ ನಿಜವಾದ ಕಂಪ್ಯೂಟರಿನಲ್ಲಿ, ಏನೋ ಸಿದ್ಧವಾಗುತ್ತದೆ. ಆ ಏನೋ ಯಾವುದು?

ರಾತ್ರಿ ಊಟವಾದ ಮೇಲೆ ಮ್ಯಾನೇಜರ್ ಬಾಲರಾಜ್ ಅವರಿಗೆ, ನಾಳೆ ಪ್ಯಾಚ್ ಕಳಿಸುವುದಿಲ್ಲ, ಕಾರಣ ನನಗೇ ತಿಳಿದಿಲ್ಲ ಎಂದು ಮೇಲ್ ಮಾಡಿದೆ. ಮಲಗಲು ಹೊರಟಾಗ ನೆನಪಾಯಿತು: ಸೋಮವಾರ ಒಮ್ಮೆ ಲಾಗ್ ಸಾಲು ಇಲ್ಲದೆಯೂ ಸರಿಯಾಗಿ ಎದ್ದಿತ್ತು. ಹಾಗಾದರೆ ಆ ಸಾಲಿಗೂ ಈ ತೊಂದರೆಗೂ ಸಂಬಂಧವೇ ಇಲ್ಲವೋ, ಅಥವಾ ಸೋಮವಾರ ನಾನೇ ಬೇರೇನನ್ನೋ ಬದಲಿಸಿ ಮರೆತಿದ್ದೇನೋ?