ಕಂಬದ ಹಿಂದಿನ ಸೀಟು

ನಾರಾವಿ
೨೬ ಮೇ ೨೦೨೫, ಸೋಮವಾರ

ಪ್ರೀತಿಯ ವಿಸ್ಮಿತಾ,

ಅಮ್ಮನ ಆಶೀರ್ವಾದಗಳು. ಫೋನ್ ಇದ್ದೂ ಕಾಗದ ಬರೆಯುತ್ತಿದ್ದಾಳಲ್ಲ, ಏನಾಯಿತು ಎಂದು ಗಾಬರಿಯಾಗಬೇಡ. ನಾವೆಲ್ಲ ಸೌಖ್ಯ. ಈ ವಿಷಯವನ್ನು ಫೋನಿನಲ್ಲಿ ತೆಗೆದರೆ ನೀನು ನಡುವೆಯೇ ಕಟ್ ಮಾಡುತ್ತೀ. ಕಾಗದವನ್ನು ನೀನು ಹರಿಯಬಹುದು, ಆದರೆ ಹರಿಯುವಷ್ಟು ಸಿಟ್ಟು ಬರಬೇಕಾದರೆ ಅರ್ಧವಾದರೂ ಓದಲೇಬೇಕು. ನನಗೆ ಅಷ್ಟು ಸಾಕು.

ಸಿಟ್ಟು ಬರುವ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ನಿನ್ನೆ ಬಿ.ಸಿ.ರೋಡಿನಲ್ಲಿ ನಿಮ್ಮ ನೇತ್ರಾವತಿ ವೇವ್ಸ್ ಬಾಸ್ಕೆಟ್‌ಬಾಲ್ ತಂಡದ ಅಭಿಮಾನಿಗಳ ಸಭೆ ಇತ್ತು. ಮುಂದಿನ ಸೀಸನ್ನಿಗೆ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತಂಡದ ಮಾಲೀಕರು ಅಭಿಮಾನಿಗಳ ಅಭಿಪ್ರಾಯ ಕೇಳಿದ್ದರು. ನಾನೂ ಹೋಗಿದ್ದೆ. ಅಷ್ಟು ಜನರ ಎದುರು ಎದ್ದು ನಿಂತು, ಆಟ ಶುರು ಮಾಡುವ ಐದು ಮಂದಿಯಲ್ಲಿ ವಿಸ್ಮಿತಾ ಇರಬಾರದು, ಅವಳು ಬೆಂಚಿನಲ್ಲಿ ಕೂರಬೇಕು ಎಂದು ಹೇಳಿದೆ. ಯಾರಾದರೂ ಉಪ್ಪುಖಾರ ಹಚ್ಚಿ ನಿನ್ನ ಕಿವಿಗೆ ಹಾಕುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಅಮ್ಮನಿಗೆ ಈ ಆಟದ ಬಗ್ಗೆ ಏನು ಗೊತ್ತು ಎಂದು ನೀನು ಕೇಳುತ್ತೀ. ನಿನ್ನ ಮೊದಲ ಮ್ಯಾಚಿನಲ್ಲಿ ನಾನು ರೆಫರಿಗೆ ತುಳುವಿನಲ್ಲಿ ಬೈದದ್ದು ಅಂಕಣಕ್ಕೆ ಕೇಳಿಸಿ ನಿನ್ನ ಕೈಯಿಂದ ಚೆಂಡು ಜಾರಿತ್ತಲ್ಲ, ಅಂದೇ ನೀನು ಇನ್ನು ಬರಬೇಡ ಎಂದಿದ್ದೆ. ಬರುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಕೊಟ್ಟದ್ದು ಬಾಯಿ ಮಾತ್ರ, ಕಾಲು ಒಪ್ಪಲಿಲ್ಲ. ಮೂಡುಬಿದಿರೆಯಲ್ಲಿ ನಡೆದ ನಿಮ್ಮ ಒಂದು ಮ್ಯಾಚನ್ನೂ ನಾನು ತಪ್ಪಿಸಿಲ್ಲ. ಮೇಲಿನ ಸಾಲಿನಲ್ಲಿ ದೊಡ್ಡ ಕಂಬ ಉಂಟಲ್ಲ, ಅದರ ಹಿಂದಿನ ಸೀಟು ಯಾರಿಗೂ ಬೇಡ, ಅರ್ಧ ಅಂಕಣ ಕಾಣುವುದಿಲ್ಲ. ಉಳಿದರ್ಧವನ್ನು ಕುತ್ತಿಗೆ ಚಾಚಿ, ಬಾಯಿಗೆ ಸೆರಗು ಒತ್ತಿಕೊಂಡು ನೋಡಿದ್ದೇನೆ. ನಾನು ಹಲ್ಲಿನ ಡಾಕ್ಟರಲ್ಲಿಗೆ ಹೋಗುತ್ತಿದ್ದೇನೆ ಎಂದೇ ನಿನ್ನ ಅಪ್ಪ ನಂಬಿದ್ದಾರೆ. ಎರಡು ಸೀಸನ್ ರಿಪೇರಿಯಾದರೂ ಮುಗಿಯದ ಹಲ್ಲು ಯಾವುದೆಂದು ಆ ಪುಣ್ಯಾತ್ಮ ಒಮ್ಮೆಯೂ ಕೇಳಿಲ್ಲ.

ನಿನ್ನೆ ಅವರಿಗೆ ಅದೇ ಹಲ್ಲಿನ ನೆಪ ಹೇಳಿ, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಬಿ.ಸಿ.ರೋಡಿಗೆ ಹೋದೆ. ಹೋಟೆಲೊಂದರ ಮಾಳಿಗೆಯಲ್ಲಿ ಸಭೆ. ನನ್ನ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ಸುಮ್ಮನೆ ಕೂತು ಕೇಳಿ ಬರುವುದೆಂದೇ ಹೋದದ್ದು, ಅದಂತೂ ಸತ್ಯ.

ಪತ್ತನಾಜೆಯ ದಿನಗಳು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿವೆ. ಯಾವ ಭಾಗವತರು ಯಾವ ಮೇಳ ಬಿಟ್ಟರು, ಯಾವ ವೇಷಧಾರಿ ಎಲ್ಲಿಗೆ ಸೇರಿದ ಎಂಬುದೇ ಊರೆಲ್ಲ ಸುದ್ದಿ. ಹಾಗಿರುವಾಗ ನಮ್ಮವರಿಗೆ ಬಾಸ್ಕೆಟ್‌ಬಾಲ್ ತಂಡ ಕಟ್ಟಿ ಎಂದರೆ ಇನ್ನೇನು ಕಟ್ಟಿಯಾರು, ಮೇಳವನ್ನೇ ಕಟ್ಟಿದರು. ಅಭಿಮಾನಿ ಸಂಘದ ಅಧ್ಯಕ್ಷರು ಜಯಪ್ರಕಾಶ್, ಗೊಬ್ಬರದ ಅಂಗಡಿಯವರು. ಅವರೇ ಶುರು ಮಾಡಿದ್ದು. ನಮ್ಮಲ್ಲಿ ಬಣ್ಣದ ವೇಷ ಇಲ್ಲ ಮಾರಾಯ್ರೆ, ರಾಕ್ಷಸ ಬಂದು ನಿಂತರೆ ರಂಗಸ್ಥಳ ನಡುಗಬೇಕು, ಪಂಜಾಬಿನಿಂದ ಒಬ್ಬಳು ಎತ್ತರದವಳನ್ನು ತರುವ ಎಂದರು. ಚೆಂಡು ತಂದು, ಯಾರು ಎಲ್ಲಿ ಓಡಬೇಕೆಂದು ಆಡಿಸುವ ನಿನ್ನ ಜಾಗಕ್ಕೆ ಅವರು ಇಟ್ಟ ಹೆಸರು ಭಾಗವತಿಕೆ. ಅದು ಇಡೀ ನಲವತ್ತು ನಿಮಿಷ ವಿಸ್ಮಿತಾಳದ್ದೇ, ಬೇರೆ ಮಾತೇ ಬೇಡ ಎಂದು ಮೇಜು ಕುಟ್ಟಿದರು. ನಿನ್ನ ಹೆಸರು ಹೇಳುವಾಗ ಅವರ ಮುಖ ಅರಳಿದ್ದು ನೋಡಿ ನನಗೆ ಎದೆ ತುಂಬಿ ಬಂತು.

ಅದಕ್ಕೆ ಫರಂಗಿಪೇಟೆಯ ಹನೀಫಾ ಎದ್ದರು. ನಿಮ್ಮ ತಂಡದಲ್ಲಿ ನಿನ್ನದೇ ಜಾಗದಲ್ಲಿ ಆಡುವ ಚಿಕ್ಕ ಹುಡುಗಿ ಹನಾ ಉಂಟಲ್ಲ, ಅವಳ ಸೋದರಮಾವ, ಹಣ್ಣಿನ ವ್ಯಾಪಾರದವರು. ಇಬ್ಬರು ಭಾಗವತರನ್ನು ಇಟ್ಟುಕೊಂಡ್ರೆ ತಾಳ ಎರಡಾಗ್ತದೆ, ಜಾಗಟೆಯನ್ನು ಹನಾಳ ಕೈಗೆ ಕೊಡಿ, ವಿಸ್ಮಿತಾಳನ್ನು ತಂಡದಿಂದ ಬಿಟ್ಟು ಆ ಲೆಕ್ಕದಲ್ಲಿ ಪಂಜಾಬಿನವಳು ಬರ್ಲಿ ಎಂದರು. ಗಲಾಟೆಯಾಯಿತು. ಸ್ವಂತ ಸೋದರಸೊಸೆಗೆ ವಕಾಲತ್ತು ಎಂದು ಯಾರೋ ಕೂಗಿದರು. ಹನೀಫಾ ಕೆಂಪಾಗಿ, ನಾನು ಸುಮ್ಮನೆ ಹೇಳ್ತಿಲ್ಲ, ಕೊನೆಯ ಹತ್ತು ನಿಮಿಷ ವಿಸ್ಮಿತಾಳ ಎಡಗಾಲು ನೋಡಿದ್ದೀರಾ ನೀವು, ಎಂದು ಬಾಯಿ ತೆರೆದರು.

ಅವರ ಮಾತು ಪೂರ್ತಿಯಾಗಲು ಬಿಡಬಾರದು ಎಂದು ನಾನು ಎದ್ದು ನಿಂತದ್ದು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದ ಸ್ವರ ಇನ್ನೂ ಉಂಟು ನನ್ನಲ್ಲಿ. ಎಲ್ಲರೂ ನನ್ನ ಕಡೆ ತಿರುಗಿದರು.

ಯಾವ ಮೇಳದಲ್ಲಿ ಸ್ವಾಮಿ ಒಬ್ಬರೇ ಭಾಗವತರಿರುವುದು ಎಂದು ಕೇಳಿದೆ. ಬಯಲಾಟ ಶುರುವಾಗುವಾಗ ಪದ್ಯ ಹೇಳುವವರು ಕಿರಿಯರು. ಪ್ರಧಾನ ಭಾಗವತರು ಆಗ ವೇಷ ಕಟ್ಟುವ ಚೌಕಿಯಲ್ಲಿ ಹಾಯಾಗಿ ಮಲಗಿರುತ್ತಾರೆ. ಪ್ರಸಂಗ ಕಾವೇರಿದ ಮೇಲೆ ಕಿರಿಯವನು ಎದ್ದು, ಜಾಗಟೆಯನ್ನು ಕಣ್ಣಿಗೊತ್ತಿ ಅವರ ಕೈಗೆ ಕೊಡುತ್ತಾನೆ. ಅಷ್ಟು ಹೊತ್ತು ಅವರನ್ನು ಹೊರಗೆ ಕೂರಿಸಿದರು ಎಂದು ಈವರೆಗೆ ಯಾರಾದರೂ ಹೇಳಿದ್ದುಂಟಾ? ಬೆಳಗ್ಗೆ ಮಂಗಳ ಹಾಡುವವರು ಯಾರೋ, ಆಟ ಅವರದ್ದು. ಕಳೆದ ವರ್ಷ ನಾವು ಸೋತ ಮ್ಯಾಚುಗಳನ್ನೆಲ್ಲ ಸೋತದ್ದು ಕೊನೆಯ ಐದು ನಿಮಿಷದಲ್ಲಿ. ವಿಸ್ಮಿತಾ ಅಷ್ಟರಲ್ಲಿ ದಣಿದು ಹೋಗಿರುತ್ತಾಳೆ, ಹನಾ ಒಬ್ಬಳೇ ಇದ್ದರೆ ಅವಸರ ಮಾಡುತ್ತಾಳೆ. ಹನಾ ಶುರು ಮಾಡಲಿ, ವಿಸ್ಮಿತಾ ಮುಗಿಸಲಿ. ಇಬ್ಬರೂ ಬೇಕು, ಒಬ್ಬಳನ್ನು ಬಿಟ್ಟರೂ ಮೇಳ ಮುಳುಗುತ್ತದೆ ಎಂದೆ. ಹನೀಫಾ ತಲೆದೂಗಿ ಕೂತರು. ಕಾಲಿನ ಮಾತು ಅಲ್ಲಿಗೇ ನಿಂತಿತು.

ಕೈ ಎತ್ತಿ ಎಂದಾಗ ಮುಕ್ಕಾಲು ಪಾಲು ಜನ ನನ್ನ ಮಾತಿಗೆ ಕೈ ಎತ್ತಿದರು. ಜಯಪ್ರಕಾಶರು ಎತ್ತಲಿಲ್ಲ. ನಿಮಗೆ ಆ ಹುಡುಗಿಯ ಮೇಲೆ ಏನಮ್ಮ ಅಷ್ಟು ದ್ವೇಷ, ಎಂದು ಕೇಳಿದರು. ದ್ವೇಷ ಇಲ್ಲ, ಅವಳು ಇನ್ನೂ ತುಂಬ ವರ್ಷ ಆಡುವುದನ್ನು ನೋಡಬೇಕು, ಅಷ್ಟೇ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ.

ಮಗಾ, ನಿನ್ನ ಎಡ ಮೊಣಕಾಲು ಸರಿಯಿಲ್ಲ. ಮಧ್ಯಂತರ ಕಳೆದ ಮೇಲೆ ಎಡಕ್ಕೆ ತಿರುಗುವಾಗ ಒಂದು ಹೆಜ್ಜೆಯ ಬದಲು ಎರಡು ಸಣ್ಣ ಹೆಜ್ಜೆ ಇಡುತ್ತೀ. ಹೋದ ಸಲ ಮನೆಗೆ ಬಂದಾಗ ಅಟ್ಟದ ಮೆಟ್ಟಿಲನ್ನು ಅಡ್ಡಡ್ಡ ಇಳಿದೆ. ನೀನು ಹೋದ ಮೇಲೆ ನೋಡಿದರೆ ಫ್ರಿಜ್ಜಿನ ಐಸ್ ಟ್ರೇ ಎರಡೂ ಖಾಲಿ. ನೀನು ತಣ್ಣಗಿನದು ಕುಡಿಯುವವಳಲ್ಲ. ಹೆತ್ತವಳಿಗೆ ಇಷ್ಟು ಸಾಲದೇ?

ಕಾಲಿನ ವಿಷಯ ಹೊರಗೆ ಬಿದ್ದರೆ ಯಾವ ತಂಡವೂ ನಿನ್ನನ್ನು ಮುಟ್ಟುವುದಿಲ್ಲ, ಅದಕ್ಕೇ ನೀನು ಯಾರಿಗೂ ಹೇಳಿಲ್ಲ. ನಾನೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಕೊಚ್ಚಿಯ ತಂಡದವರು ಪ್ರತಿ ಮ್ಯಾಚೂ ಪೂರ್ತಿ ಆಡಿಸುತ್ತೇವೆ ಎಂದರೆಂದು ನೀನು ಕುಣಿಯುತ್ತಿದ್ದೀ. ನಿಮ್ಮ ಕೋಚ್ ಮೊದಲು ಬೆಂಚಿನಲ್ಲಿ ಕೂತು ಆಮೇಲೆ ಆಟಕ್ಕೆ ಇಳಿ ಎಂದರೆಂದು ಊಟ ಬಿಟ್ಟಿದ್ದೀ. ಶನಿವಾರದೊಳಗೆ ಇಬ್ಬರಿಗೂ ಉತ್ತರ ಕೊಡಬೇಕು ಎಂದು ನೀನೇ ಹೇಳಿದೆ. ಕೊಚ್ಚಿಗೆ ಹೋದರೆ ಒಂದು ಸೀಸನ್ ಮೆರೆದು, ಆಮೇಲೆ ಜನ್ಮವಿಡೀ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತೀ. ನನಗೆ ಹೆದರಿಕೆಯಾಗುತ್ತದೆ. ಚಿಕ್ಕಂದಿನಲ್ಲಿ ಗೋಡೆಗೆ ಬುಟ್ಟಿ ಕಟ್ಟಿ ಚೆಂಡು ಹಾಕುತ್ತಿದ್ದವಳ ಕೈಯಿಂದ ಚೆಂಡು ಕಿತ್ತುಕೊಂಡ ಹಾಗೆ ಆಗುವುದನ್ನು ನಾನು ನೋಡಲಾರೆ.

ನಿರ್ಧಾರ ನಿನ್ನದು. ನನ್ನ ನಿರ್ಧಾರವೂ ಕೇಳು. ನಿನ್ನೆ ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ, ನೀನು ತಿಂಗಳುಗಟ್ಟಲೆ ಮಾತು ಬಿಟ್ಟರೂ ಸರಿ. ಗುರುವಾರ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಬರುತ್ತೇನೆ. ಮೂಳೆಯ ಡಾಕ್ಟರನ್ನು ಗೊತ್ತು ಮಾಡಿಯಾಗಿದೆ. ನಿನ್ನ ಅಪ್ಪನಿಗೆ ಡಾಕ್ಟರಲ್ಲಿಗೆ ಎಂದೇ ಹೇಳುತ್ತೇನೆ, ಈ ಸಲವಾದರೂ ಅದು ನಿಜವಾಗಲಿ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಕೂರುವ ಅಭ್ಯಾಸ ನನಗೆ ಚೆನ್ನಾಗಿ ಆಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ವಿರುದ್ಧ ಮಾತಾಡಿದ, ನಿನ್ನವಳೇ ಆದ
ಅಮ್ಮ
ಮೋಹಿನಿ

ತಾ.ಕ.: ಒಂದು ವಿಷಯ ಬರೆಯುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಬರೆಯುತ್ತಿದ್ದೇನೆ. ನಿನ್ನೆ ಸಭೆ ಮುಗಿದು ಬಸ್‌ಸ್ಟ್ಯಾಂಡಿಗೆ ಬಂದಾಗ ಮಾವನಿಗಾಗಿ ಕಾಯುತ್ತಿದ್ದ ಹನಾ ಸಿಕ್ಕಿದಳು. ನನ್ನನ್ನು ನೋಡಿದವಳೇ, ನೀವು ಕಂಬದ ಹಿಂದಿನ ಅಮ್ಮ ಅಲ್ವಾ ಎಂದಳು. ಫ್ರೀ ಥ್ರೋ ಹಾಕುವ ಮೊದಲು ವಿಸ್ಮಿತಕ್ಕ ಪ್ರತಿ ಸಲವೂ ಆ ಕಂಬದ ಕಡೆ ನೋಡ್ತಾರೆ, ಯಾಕೆ ಅಂತ ಕೇಳಿದ್ದಕ್ಕೆ, ಅಲ್ಲೊಬ್ಬರು ಬಾಯಿಗೆ ಸೆರಗು ಒತ್ತಿ ಉಸಿರು ಹಿಡಿದು ಕೂತಿರ್ತಾರೆ, ಅವರು ಉಸಿರು ಬಿಡ್ಲಿ ಅಂತ ಬೇಗ ಹಾಕಿಬಿಡ್ತೇನೆ ಅಂತ ಹೇಳಿದ್ರು ಎಂದಳು. ಬಸ್ಸು ಬಂದರೂ ನನಗೆ ಹತ್ತಲಾಗಲಿಲ್ಲ, ಮುಂದಿನದಕ್ಕೆ ಹೋದೆ.

ಮುಂದಿನ ಸೀಸನ್ನಿಗೆ ಇಂದು ಬೆಳಗ್ಗೆಯೇ ಸೀಟು ಹೇಳಿಟ್ಟಿದ್ದೇನೆ, ನಿಮ್ಮ ಬೆಂಚಿನ ಹಿಂದಿನ ಸಾಲಿನಲ್ಲಿ. ಅಲ್ಲಿ ಕಂಬ ಇಲ್ಲ. ನೀನು ಬೆಂಚಿನಲ್ಲಿ ಕೂತಿರುವಷ್ಟು ಹೊತ್ತು ನಾನೂ ಬಾಯಿ ಮುಚ್ಚಿ ಕೂರುತ್ತೇನೆ. ನಿನ್ನನ್ನು ಒಳಗೆ ಕರೆದಾಗ ಮಾತ್ರ ಬೊಬ್ಬೆ ಹಾಕುತ್ತೇನೆ, ತುಳುವಿನಲ್ಲೇ. ನಾನು ಯಾರೆಂದು ಜಯಪ್ರಕಾಶರಿಗೆ ಆಗ ಗೊತ್ತಾಗಲಿ.